ಎಡಗಡೆಯ ಕ್ಲಿಪ್ಪು

ಅಚ್ಚಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿ ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯ ಅಚ್ಚಿನ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳದು ಒಂದೇ ಕೆಲಸ: ಗಂಟಲಿಗೋ ಬಾಯಿಗೋ ವಿಕಿರಣ ಕೊಡಿಸಿಕೊಳ್ಳುವವರಿಗೆ ಮುಖವಾಡ ಮಾಡುವುದು. ಯಂತ್ರದ ಕೆಳಗೆ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆ ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮಲಗಿದವರ ಮುಖದ ಮೇಲೆ ಎಳೆದು, ಭುಜದವರೆಗೂ ಒತ್ತಿ, ತಲೆಯ ಕೆಳಗಿನ ಮಣೆಯ ಎರಡೂ ಬದಿಗೆ ಕ್ಲಿಪ್ಪು ಹಾಕಿ ಹತ್ತು ನಿಮಿಷ ಕಾಯಬೇಕು. ಆರಿದ ಮೇಲೆ ಅದು ಆ ಒಬ್ಬರಿಗೆ ಬಿಟ್ಟು ಲೋಕದಲ್ಲಿ ಇನ್ನೊಬ್ಬರಿಗೆ ಕೂರುವುದಿಲ್ಲ.

ಕೋಣೆಯ ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಮುಖಗಳು. ಕಣ್ಣಿಲ್ಲದ ಅಷ್ಟು ಮುಖಗಳು ಒಟ್ಟಿಗೆ ತಮ್ಮ ಕಡೆ ತಿರುಗಿರುವುದನ್ನು ಕಂಡು ಹೊಸಬರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಅವರ ಭಯ ಬಿಡಿಸಲು ಅಚ್ಚಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಒಂಬತ್ತು ವರ್ಷದ ಹಿಂದೆ ಹೊಸ ಬಗೆಯ ಹಾಳೆಯನ್ನು ಪರೀಕ್ಷಿಸಲು ತನ್ನದೇ ಮುಖದ ಮೇಲೆ ಮಾಡಿಸಿಕೊಂಡ ಮುಖವಾಡವೊಂದು ಮೇಲಿನ ಸಾಲಿನಲ್ಲಿತ್ತು. ಹೆದರಿದವರ ಎದುರು ತಾನೇ ಮಲಗಿ, ಅದನ್ನು ಹಾಕಿಕೊಂಡು, ಎರಡೂ ಕ್ಲಿಪ್ಪು ಟಕ್ ಟಕ್ ಎನಿಸಿ, ಕಚ್ಚಿದ ಹಲ್ಲಿನಲ್ಲೇ ಮಾತಾಡಿ ತೋರಿಸುತ್ತಿದ್ದಳು.

"ನೋಡಿ, ಉಸಿರಾಡ್ತಿದ್ದೀನಿ, ಮಾತೂ ಆಡ್ತಿದ್ದೀನಿ. ನನ್ನ ಬಾಯಿ ಮುಚ್ಸೋಕೆ ನಮ್ಮನೆಯವ್ರ ಕೈಲೇ ಆಗಿಲ್ಲ, ಇದರ ಕೈಲಿ ಆಗುತ್ತಾ?"

ಅರ್ಧ ಜನ ಅಲ್ಲೇ ನಕ್ಕುಬಿಡುತ್ತಿದ್ದರು. ಉಳಿದವರು ಅವಳ ದನಿಗೆ ಸಮಾಧಾನವಾಗಿ ತಾವಾಗಿಯೇ ಮಲಗುತ್ತಿದ್ದರು.

ಒಂದು ಬೆಳಿಗ್ಗೆ ಎಡಗಡೆಯ ಕ್ಲಿಪ್ಪು ಎಷ್ಟು ಒತ್ತಿದರೂ ಬೀಳಲಿಲ್ಲ.

ಪ್ಲಾಸ್ಟಿಕ್ ಕುಗ್ಗಿದೆ ಎಂದುಕೊಂಡಳು. ಬಿಸಿಗಾಳಿ ಹಿಡಿದು ಕುತ್ತಿಗೆಯ ಎಡಭಾಗವನ್ನು ಚೂರು ಹಿಗ್ಗಿಸಿದಳು. ಮುಖವಾಡಕ್ಕೆ ಏನೇ ತಿದ್ದುಪಡಿ ಮಾಡಿದರೂ ಪಟ್ಟಿ ಅಂಟಿಸಿ ತಾರೀಖು ಬರೆಯುವುದು ಆ ಕೋಣೆಯ ಪದ್ಧತಿ. ಬರೆದಳು, ಎರಡು ಮಿಲಿಮೀಟರ್ ಎಂದು. ಐದು ವಾರ ಕಳೆಯುವುದರೊಳಗೆ ಕ್ಲಿಪ್ಪು ಮತ್ತೆ ಬೀಳಲಿಲ್ಲ. ಹಾಳೆ ಮಾಡಿದ ಕಂಪನಿಗೆ ಮನಸ್ಸು ತಣಿಯುವಷ್ಟು ಬೈದು ಮತ್ತೆ ಹಿಗ್ಗಿಸಿದಳು, ಮತ್ತೆ ಪಟ್ಟಿ ಅಂಟಿಸಿದಳು. ಮೂರನೆಯ ಸಲ ಹಿಗ್ಗಿಸಿ, ಸರಿಹೋಯಿತೇ ಎಂದು ಬೆಳಕಿಗೆ ಹಿಡಿದಾಗ ದವಡೆಯ ಕೆಳಗೊಂದು ಉಬ್ಬು ಕಾಣಿಸಿತು. ಅಂಥ ಉಬ್ಬು ಕಪಾಟಿನಲ್ಲಿದ್ದ ಎಷ್ಟೋ ಮುಖಗಳಿಗಿತ್ತು. ಅದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ಕೈ ಆಗ ಕುತ್ತಿಗೆಗೆ ಹೋಯಿತು. ಸಾವಿರಾರು ಜನರ ಕುತ್ತಿಗೆ ಮುಟ್ಟಿದ್ದ ಆ ಕೈಗೆ ಮೂರು ತಿಂಗಳಲ್ಲಿ ಒಮ್ಮೆಯೂ ತನ್ನ ಕುತ್ತಿಗೆ ನೆನಪಾಗಿರಲಿಲ್ಲ. ತನಗಿಂತ ಮೊದಲು ಆ ಪ್ಲಾಸ್ಟಿಕ್ ಮುಖಕ್ಕೆ ವಿಷಯ ಗೊತ್ತಾಗಿತ್ತಲ್ಲ ಎಂಬುದನ್ನು ನೆನೆದು ಅವಳಿಗೆ ಹಾಡಹಗಲೇ ಮೈ ಜುಮ್ಮೆಂದಿತು.

ಗಂಟಲ ಟಾನ್ಸಿಲ್‌ನಲ್ಲಿ ಹುಟ್ಟಿ ಕುತ್ತಿಗೆಗೆ ಇಳಿದ ಕ್ಯಾನ್ಸರ್, ಒಂದು ವೈರಸ್‌ನಿಂದ ಬಂದದ್ದು, ವಾಸಿಯಾಗುವ ಸಂಭವ ಹೆಚ್ಚು ಎಂದರು ವೈದ್ಯರು. ಮೂವತ್ತೈದು ದಿನ ಪೂರ್ತಿ ವಿಕಿರಣ ಬೇಕೆಂದರು. ಪೂರ್ತಿ ವಿಕಿರಣವೆಂದರೆ ಏನು ಎಂದು ಅಚ್ಚಕ್ಕನಿಗೆ ಹೇಳಬೇಕೇ? ಎಂಜಲು ಬತ್ತಿ ನೀರಿನ ಬಾಟಲಿ ಹಿಡಿದೇ ತಿರುಗುವವರು, ಒಂದು ತುತ್ತು ನುಂಗಲು ಅರ್ಧ ಗಂಟೆ ಹೆಣಗುವವರು, ದನಿಯೇ ಇಲ್ಲವಾದವರು ಅವಳ ಕಣ್ಣೆದುರೇ ಓಡಾಡುತ್ತಿದ್ದರು. ದನಿ ಹೋದರೆ ಆ ಕೋಣೆಯಲ್ಲಿ ತನಗೇನು ಕೆಲಸ? ಕಮ್ಮಿ ಕೊಟ್ಟರಾಗದೇ ಎಂದು ಕೇಳಿದಳು. ಕಮ್ಮಿ ಕೊಡುವುದು ಪ್ರಯೋಗದಲ್ಲಿ ಮಾತ್ರ, ಅಂಥದೊಂದು ಬೇರೆ ಊರಿನಲ್ಲಿ ನಡೆಯುತ್ತಿದೆ, ಪ್ರಕಟಣೆ ಎಲ್ಲ ಕೋಣೆಗೂ ಕಳಿಸಿದ್ದೆವಲ್ಲ ಎಂದರು ಅವರು.

ಕಳಿಸಿದ್ದರು. ಅವಳ ಬಾಗಿಲ ಹಿಂದೆಯೇ ಎಂಟು ತಿಂಗಳಿಂದ ಅಂಟಿಕೊಂಡಿತ್ತು, ಅವಳು ದಿನವೂ ಅದರ ಮೇಲೆಯೇ ಕೋಟು ನೇತುಹಾಕುತ್ತಿದ್ದಳು.

ಅದರಲ್ಲಿದ್ದ ನಂಬರಿಗೆ ಮಾಡಿದಾಗ ಫೋನು ಎತ್ತಿದ್ದು ಆ ಪ್ರಯೋಗ ನೋಡಿಕೊಳ್ಳುವ ನರ್ಸ್. ಮೊದಲು ಚಿಕಿತ್ಸೆ ಆಗಿರಬಾರದು, ಸಿಗರೇಟಿನ ಚಟ ಇರಬಾರದು, ಗಡ್ಡೆ ಆರು ಸೆಂಟಿಮೀಟರ್ ದಾಟಿರಬಾರದು, ಸ್ಕ್ಯಾನ್ ನಾಲ್ಕು ವಾರದೊಳಗಿನದಾಗಿರಬೇಕು ಎಂದು ಒಂದೊಂದಾಗಿ ಹೇಳಿ ವಿಚಾರಿಸಿದಳು. ಇನ್ನು ಇಬ್ಬರಿಗಷ್ಟೇ ಜಾಗ ಉಳಿದಿತ್ತು. ಗಡ್ಡೆಯ ಚೂರು ಅಂಟಿಸಿದ ಗಾಜಿನ ಪಟ್ಟಿಗಳನ್ನೂ ಪರೀಕ್ಷೆಗೆ ಕೇಳಿದ್ದರು, ಅಂಚೆಯಲ್ಲಿ ಒಡೆದರೆ ಕೆಟ್ಟಿತೆಂದು ಗಡಿಯಾರ ರಿಪೇರಿಯ ಗಂಡ ಅವನ್ನು ಊಟದ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟು, ಏಳು ಗಂಟೆಯ ಕಾಲ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಹೋದ. ಪಕ್ಕದವನು ಊಟ ಮಾಡಿ ಎಂದು ಎರಡು ಸಲ ನೆನಪಿಸಿದನಂತೆ.

ಒಪ್ಪಿಗೆ ಪತ್ರ ಹತ್ತೊಂಬತ್ತು ಪುಟ. ನರ್ಸ್ ಪಕ್ಕದಲ್ಲಿ ಕೂತು ಪುಟಪುಟವನ್ನೂ ಓದಿಸಿದಳು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಯಾರೂ ಯಾಕೆಂದು ಕೇಳುವುದಿಲ್ಲ ಎಂದಳು. ಆಮೇಲೆ ಪೆನ್ನು ಕೊಡದೆ ತನ್ನ ಕೈಯಲ್ಲೇ ಹಿಡಿದುಕೊಂಡಳು.

"ಅರ್ಧ ಜನಕ್ಕೆ ಪೂರ್ತಿ, ಅರ್ಧ ಜನಕ್ಕೆ ಕಮ್ಮಿ. ನಿಮಗೆ ಯಾವುದು ಅಂತ ನಾನೂ ಆರಿಸಲ್ಲ, ಡಾಕ್ಟ್ರೂ ಆರಿಸಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತೆ. ಕಮ್ಮಿ ಕೊಟ್ರೆ ಸಾಕಾಗುತ್ತಾ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಈ ಪ್ರಯೋಗ. ಅರ್ಥ ಆಯ್ತಾ?"

ಆಯಿತು ಎಂದು ಸಹಿ ಹಾಕಿದಳು. ಚೀಟಿಯಲ್ಲಿ ಕಮ್ಮಿಯೇ ಬಂತು.

ಅಲ್ಲಿ ಅವಳಿಗೆ ಮುಖವಾಡ ಮಾಡಿದವನು ಯಾರೋ ಕನ್ನಡಕದವನು. ಅವಳ ಕಸುಬು ಅವನಿಗೆ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ಬಿಸಿ ಹಾಳೆ ಮೂಗಿನ ಮೇಲೆ ಇಳಿದಾಗ, ಇಷ್ಟವಾದದ್ದನ್ನು ನೆನೆಸಿಕೊಳ್ಳಿ ಎಂದ. ತಾನು ಇಪ್ಪತ್ತೊಂದು ವರ್ಷ ಹೇಳಿದ್ದ ಅದೇ ಮಾತು. ಎಷ್ಟು ನೆನೆಸಿಕೊಂಡರೂ ಅವಳ ಕಣ್ಣಿಗೆ ಬಂದದ್ದು ತನ್ನ ಕೋಣೆಯ ಕಪಾಟು ಮಾತ್ರ, ಮತ್ತು ಅದರಲ್ಲಿದ್ದವರು ಒಬ್ಬೊಬ್ಬರಾಗಿ ತನಗೆ ಜಾಗ ಬಿಟ್ಟು ಸರಿದು ಕೂತಂತೆ ಕಂಡಿತು.

ಏಳು ತಿಂಗಳಿಗೆ ಕೆಲಸಕ್ಕೆ ಮರಳಿದಳು. ದನಿ ಹಾಗೇ ಇತ್ತು, ಗಂಟಲಲ್ಲಿ ಅನ್ನವೂ ಇಳಿಯುತ್ತಿತ್ತು. ಮೊದಲ ದಿನ ಬಾಗಿಲು ಹಾಕಿಕೊಂಡು ಹಳೆಯ ಮುಖವಾಡ ತೊಟ್ಟಳು. ಎರಡೂ ಕ್ಲಿಪ್ಪು ಟಕ್ಕೆಂದು ಬಿದ್ದವು. ಆದರೆ ಮೂರು ಸಲ ಹಿಗ್ಗಿಸಿದ ಉಬ್ಬು ಎಲ್ಲಿ ಹೋಗಬೇಕು? ಗಡ್ಡೆ ಹೋಗಿತ್ತು, ಗಡ್ಡೆಯ ಜಾಗ ಪ್ಲಾಸ್ಟಿಕ್ಕಿನಲ್ಲಿ ಹಾಗೇ ಉಳಿದಿತ್ತು. ಅದು ತುಂಬಲೆಂದೇ ಕಾದಿರುವ ಹಾಗಿತ್ತು. ಬಿಸಿನೀರಿಗೆ ಹಾಕಿದ್ದರೆ ಎರಡು ನಿಮಿಷದಲ್ಲಿ ಮುಖವೂ ಉಬ್ಬೂ ಅಳಿಸಿ ಮತ್ತೆ ಬರಿಯ ಹಾಳೆಯಾಗುತ್ತಿತ್ತು. ಹಾಕಲು ಕೈ ಬರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಅದನ್ನು ತೊಟ್ಟು, ಅಂಚಿನ ಕೆಳಗಿಂದ ಬೆರಳು ತೂರಿಸಿ ನೋಡುವುದೇ ಒಂದು ಕೆಲಸವಾಯಿತು. ಖಾಲಿ ಎನ್ನುತ್ತಿತ್ತು ಬೆರಳು. ಮೂರು ತಿಂಗಳು ತನ್ನನ್ನು ಏಮಾರಿಸಿದ ಕೈಯ ಬೆರಳು ಅದು, ಅದನ್ನು ಹೇಗೆ ನಂಬುವುದು? ಮುಂದಿನ ಸ್ಕ್ಯಾನಿಗೆ ಇನ್ನೂ ಹದಿನಾರು ದಿನವಿತ್ತು.

ಆ ವಾರ ಬಂದವನು ಬಣ್ಣ ಬಳಿಯುವ ಆಳು, ಬಾಗಿಲಷ್ಟು ಎತ್ತರ. ಕಪಾಟು ನೋಡಿದವನೇ ಗೋಡೆಗೆ ಒರಗಿ ನಿಂತ, ಒಳಗೆ ಬರಲಾರೆ ಎಂದ. ಅಚ್ಚಕ್ಕ ಎಂದಿನಂತೆ ತಾನೇ ಮಲಗಿ ಹಳೆಯದನ್ನು ತೊಟ್ಟು, ಕ್ಲಿಪ್ಪು ಹಾಕಿ, ಬಾಯಿ ಮುಚ್ಚಿಸುವ ಮಾತನ್ನೂ ಹೇಳಿದಳು. ಅವನು ನಗಲಿಲ್ಲ. ಹತ್ತಿರ ಬಂದು ಬಗ್ಗಿದ.

"ಇಲ್ಲೇನಿದು, ಒಂದೇ ಕಡೆ ಉಬ್ಬಿದೆ?"

ಅದುವರೆಗೂ ಯಾವ ರೋಗಿಗೂ ಹೇಳದಿದ್ದುದನ್ನು ಅವಳು ಹೇಳಿದಳು. "ನಂದೂ ಒಂದು ಗಡ್ಡೆ ಇತ್ತು ಅಲ್ಲಿ. ಬೆರಳು ತೂರಿಸಿ ನೋಡಿ."

ಬಣ್ಣ ಮೆತ್ತಿದ ಬೆರಳು ಅಂಚಿನ ಕೆಳಗೆ ಬಂತು. ಕುತ್ತಿಗೆಗೆ ತಣ್ಣಗೆ ತಾಗಿತು.

"ಏನೂ ಇಲ್ಲ. ಖಾಲಿ," ಎಂದ.

ಈಗ ಎದ್ದು ಅವನನ್ನು ಮಲಗಿಸಬೇಕಿತ್ತು. ಅಚ್ಚಕ್ಕನ ಕೈ ಕ್ಲಿಪ್ಪಿಗೆ ಹೋಗಲಿಲ್ಲ, ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಇನ್ನೊಂದ್ಸಲ ನೋಡಿ," ಎಂದಳು. "ನಿಧಾನಕ್ಕೆ. ನಂಗೆ ಭಯ ಆಗ್ತಿದೆ."

ಅವನು ಸ್ಟೂಲು ಎಳೆದುಕೊಂಡು ಅವಳ ತಲೆಯ ಬಳಿ ಕೂತ. ಉಸಿರಾಡಿ ಎಂದು ಹೇಳಿ, ಮತ್ತೆ ಬೆರಳು ತೂರಿಸಿದ.