ಮಾದೇವಮ್ಮನ ಅಡ್ಡಹೆಸರು

ಚಾಮರಾಜನಗರದಲ್ಲಿ ಜನರಿಗೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇಲ್ಲ. ನಮ್ಮ ಧಾರವಾಡದವರಾದ ನೀವು ನಂಬಲಿಕ್ಕಿಲ್ಲ. ಕೆಲಸಕ್ಕೆ ಬಂದ ಮೊದಲ ವಾರ ಆಸ್ಪತ್ರೆಯ ನೋಂದಣಿ ಕೌಂಟರಿನ ರಾಜಣ್ಣನನ್ನು ಕೇಳಿದೆ: ‘ನಿಮ್ಮ ಅಡ್ಡಹೆಸರೇನ್ರೀ?’

‘ಅಡ್ಡೆಸ್ರು ಇಟ್ಕಳಕೆ ನಾನೇನ್ ರೌಡಿಯಾ ಮೇಡಂ?’

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಎಂಜಿನಿಯರಿಂಗ್ ಓದಿದ್ದೆನಲ್ಲ.

ಈ ಖಾಸಗಿ ಆಸ್ಪತ್ರೆಗೆ ಚಾಮರಾಜನಗರದಲ್ಲೊಂದು, ಗುಂಡ್ಲುಪೇಟೆಯಲ್ಲೊಂದು ಕಟ್ಟಡ. ನೋಂದಣಿ, ಔಷಧಿ, ವಾರ್ಡು, ಒಂದೊಂದಕ್ಕೂ ಬೇರೆ ಸಾಫ್ಟ್‌ವೇರ್; ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅವುಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆಗೆ ಸರ್ವಿಸ್ ಬಸ್ ಎನ್ನುತ್ತಾರೆ. ಯಾವುದು ಯಾವುದನ್ನು ಏನು ಕೇಳಬಹುದು, ಸಂದೇಶದಲ್ಲಿ ಯಾವ ಅಂಕಣ ಖಾಲಿ ಇರಬಾರದು ಎಂದು ಗೊತ್ತುಪಡಿಸಿದವಳು ನಾನು. ‘ಅಡ್ಡಹೆಸರು ಕಡ್ಡಾಯ’ ಎಂದು ಬರೆದೆ. ಹೆಸರು, ಅಡ್ಡಹೆಸರು ಎರಡೂ ಒಂದೇ ಆದರೆ ಒಬ್ಬರೇ ರೋಗಿ ಎಂದೂ ಬರೆದೆ. ಹಳ್ಳಿಯವರು ಸಲಕ್ಕೊಂದು ವಯಸ್ಸು ಹೇಳುತ್ತಾರೆ, ಗುರುತಿಗೆ ಅದು ಬೇಡ ಎಂದು ನನ್ನ ಮ್ಯಾನೇಜರ್ ನಕ್ಕ. ನಾನೂ ನಕ್ಕೆ. ಆತ ಮೀಟಿಂಗ್ ರೂಮು ದಾಟಿ ಒಬ್ಬ ರೋಗಿಯ ಮುಖ ನೋಡಿದವನಲ್ಲ. ನಕ್ಷೆಯಲ್ಲಿ ಚೌಕ ಬರೆದು ಬಾಣ ಎಳೆಯುವುದರಲ್ಲಿ ಮಾತ್ರ ಮಹಾಪಂಡಿತ.

ಕಡ್ಡಾಯದ ಅಂಕಣ ತುಂಬದೆ ಪರದೆ ಮುಂದಕ್ಕೆ ಹೋಗದು. ರಾಜಣ್ಣ ಅಲ್ಲಿ ಊರಿನ ಹೆಸರು ಹೊಡೆಯತೊಡಗಿದ. ಬೆಟ್ಟದ ದೇವರು ಮಾದಪ್ಪನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಮನೆಗೊಬ್ಬಳು ಮಾದೇವಮ್ಮ. ತೆರಕಣಾಂಬಿ ಎಂಬ ಒಂದು ಊರಿನ ಮಾದೇವಮ್ಮಂದಿರೆಲ್ಲ ನನ್ನ ವ್ಯವಸ್ಥೆಯಲ್ಲಿ ಒಬ್ಬಳೇ ಆದರು.

ಕಳೆದ ವಾರ ಒಂದು ಬೆಳಿಗ್ಗೆ ಗುಂಡ್ಲುಪೇಟೆಯ ವಾರ್ಡಿನಲ್ಲಿ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಕಾಲಿನ ಹುಣ್ಣು ಕೀವಾಗಿ ತೆರಕಣಾಂಬಿಯ ಮುದುಕಿ ಮಾದೇವಮ್ಮ ಬಂದಿದ್ದಳು. ದಪ್ಪ ಮಾನಿಟರಿನಲ್ಲಿ ‘ಪೆನಿಸಿಲಿನ್ ಒಗ್ಗುತ್ತದೆ’ ಎಂದಿತ್ತು. ನರ್ಸ್ ಸುಂದ್ರಮ್ಮ ಪರೀಕ್ಷೆಗೆಂದು ಚೂರು ಚುಚ್ಚಿ ನೋಡದೆ ನೇರ ಸಿರಿಂಜ್ ತುಂಬಿದಳು.

‘ಪೆನ್ಸಿಲಿನ್ನಾ ಕಣಮ್ಮಿ? ನಂಗಾಗಲ್ಲ. ಓದ್ವರ್ಸ ಗಂಟ್ಲು ಕಟ್ಕಂಡು ಸಾಯಂಗಾಗಿದ್ದೆ.’

‘ಆಯ್ತದೆ ಅಂತ ಇಲ್ಲಿ ತೋರುಸ್ತಾ ಅದೆ ಕಣವ್ವಾ.’

‘ನನ್ ಮೈ ನಂಗಿಂತ ಆ ಡಬ್ಬಕ್ ಗೊತ್ತಾ?’

ನಾನೂ ಡಬ್ಬವನ್ನೇ ನಂಬಿದ್ದೆ. ಸೂಜಿ ಚರ್ಮ ಮುಟ್ಟಿದಾಗ ಮುದುಕಿಯೇ ತೋಳು ಕಿತ್ತುಕೊಂಡಳು. ಟ್ರೇ ನೆಲಕ್ಕೆ ಬಿತ್ತು. ಆಮೇಲಷ್ಟೇ ಪರದೆಯ ಮೂಲೆ ನೋಡಿದೆ. ವಯಸ್ಸು ಇಪ್ಪತ್ತಾರು. ಅದು ಚಾಮರಾಜನಗರದಲ್ಲಿ ಚಿಕಿತ್ಸೆ ಪಡೆದಿದ್ದ ಇನ್ನೊಬ್ಬ ಮಾದೇವಮ್ಮನ ವಿವರ.

‘ಏನೂ ಆಗಲಿಲ್ಲವಲ್ಲ, ಬಿಡಿ’ ಎಂದ ಮ್ಯಾನೇಜರ್, ಫೋನಿನಲ್ಲಿ. ಅವನನ್ನು ಕೇಳದೆಯೇ, ಹೆಸರು ನೋಡಿ ವಿವರ ತರುವ ಆ ಸಂದೇಶ ನಿಲ್ಲಿಸಿದೆ. ನೋಂದಣಿ ಚೀಟಿಯ ಸಂಖ್ಯೆಯಿಂದಲೇ ರೋಗಿಯನ್ನು ಗುರುತಿಸುವಂತೆ ತಿದ್ದಿದೆ. ಆದರೂ ಬಾಡಿಗೆ ಕೋಣೆಯಲ್ಲಿ ಮುದ್ದೆ ಮುರಿಯುವಾಗ ಆ ಸೂಜಿ ಕಾಣುತ್ತದೆ, ಪಕ್ಕದಲ್ಲೇ ಸುಮ್ಮನೆ ನಿಂತ ನಾನು ಕಾಣುತ್ತೇನೆ.

ನಿನ್ನೆ ತೆರಕಣಾಂಬಿಗೆ ಹೋಗಿ, ತಪ್ಪು ನನ್ನದು ಎಂದೆ.

‘ಅಯ್ ಬುಡವ್ವ, ಬದ್ಕಿವ್ನಲ್ಲ ನಾನು’ ಎಂದಳು ಮಾದೇವಮ್ಮ, ಉಪ್ಪುಸಾರು ಬಡಿಸುತ್ತ. ‘ನಾಳಿಕೆ ಪಟ್ಟಿ ಕಟ್ಟುಸ್ಕಳಕ್ ಬತ್ತೀನಿ. ನೀನ್ ಅಲ್ಲೇ ಇರು. ಈ ಮಾದೇವಮ್ಮ ಯಾರು ಅಂತ ಗೊತ್ತಿರೋರು ಒಬ್ರಾರ ಇರ್ಲಿ.’

‘ಇರ್ತೀನ್ರೀ ಅಜ್ಜಿ’ ಎಂದೆ. ಕೆಲಸ ಬಿಟ್ಟು ಊರಿಗೆ ಕಾಯಂ ಹೊರಟುಬಿಡಲು ತೆಗೆಸಿದ್ದ ಟಿಕೆಟ್ ಚೀಲದಲ್ಲಿತ್ತು. ಇಂದು ಬೆಳಗಿನ ರೈಲಿನದು. ಈಗ ಗುಂಡ್ಲುಪೇಟೆಯ ವಾರ್ಡಿನ ಬಾಗಿಲಲ್ಲಿ ಅಜ್ಜಿಗಾಗಿ ಕಾದು ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನನ್ನು ಬಿಟ್ಟು ಹೋದ ರೈಲು ಎಲ್ಲಿಗೆ ಮುಟ್ಟಿರಬಹುದು ಎಂದು ಗಡಿಯಾರ ನೋಡುತ್ತಲೇ ಇದ್ದೇನೆ.