ಕಂಪೌಂಡರ್ ಕತ್ತರಿಸದ ಉಗುರು

ಬೆಳ್ತಂಗಡಿಯ ಒಂದು ಸಣ್ಣ ದವಾಖಾನೆಯಲ್ಲಿ ಅರವತ್ತರ ದಶಕದಲ್ಲಿ ಒಬ್ಬರು ಕಂಪೌಂಡರ್ ಇದ್ದರು. ಯಾರ ಗಾಯ ಕಟ್ಟುವುದಿದ್ದರೂ ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವರು. "ಅವಸರ ಮಾಡ್ಬೇಡಿ ಮಾರಾಯ್ರೆ" ಎಂಬುದು ಬಾಯಲ್ಲಿ ಸದಾ ಇರುತ್ತಿದ್ದ ಮಾತು.

ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಬಿಗಿಯಾದ ಹೊಸ ಬೂಟು ಹಾಕಿ ಮೆರೆದದ್ದಕ್ಕೆ ಹೆಬ್ಬೆರಳಿನ ಉಗುರು ಮಾಂಸದೊಳಗೆ ಇಳಿದಿತ್ತು. ಅವರು ನನ್ನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಗುರಿನ ಮೂಲೆಯಡಿ ಹತ್ತಿಯ ಎಳೆಯೊಂದನ್ನು ತೂರಿಸಿದರು.

"ದಿನಾ ಬಿಸಿ ಉಪ್ಪುನೀರಲ್ಲಿ ಕಾಲಿಡಿ. ಉಗುರು ಬೆಳೆದು ಹೊರಗೆ ಬರ್ತದೆ, ಆಮೇಲೆ ನೇರ ಕತ್ತರಿಸುವ. ಮೂಲೆ ಮಾತ್ರ ಮುಟ್ಬೇಡಿ."

ನನಗೆಲ್ಲಿಯ ತಾಳ್ಮೆ! ನಾಲ್ಕನೇ ದಿನ ಗಡ್ಡದ ಬ್ಲೇಡಿನಿಂದ ಆ ಮೂಲೆಯನ್ನೇ ಕೊರೆದುಬಿಟ್ಟೆ. ವಾರದೊಳಗೆ ಬೆರಳು ಬಾತು ಕೀವಾಯಿತು.

ಡಾಕ್ಟರು ನೋಡಿ ಗುಡುಗಿದರು: "ಹೀಗೆ ಕೊರೆದ ಪುಣ್ಯಾತ್ಮ ಯಾರು?"

ಬೆಂಚಿನ ತುಂಬ ಜನ. ಅವರಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರೂ ಇದ್ದರು. ನಾನು ಕಂಪೌಂಡರತ್ತ ಕೈ ತೋರಿಸಿದೆ. ಹೌದು, ಅಷ್ಟು ಸಲೀಸಾಗಿ.

ಡಾಕ್ಟರು ಅವರತ್ತ ತಿರುಗಿದರು: "ನಿಮ್ಗೆ ಮಂಡೆ ಸರಿ ಉಂಟಾ? ಇನ್ನು ಕತ್ತರಿ ಮುಟ್ಟಿದ್ರೆ ಜಾಗ್ರತೆ!"

ಕಂಪೌಂಡರ್ ನನ್ನನ್ನು ಒಮ್ಮೆ ನೋಡಿದರು. ಕೀವು ತೊಳೆದು, ನೋಯದ ಹಾಗೆ ಬಟ್ಟೆ ಕಟ್ಟಿದರು.

ನನ್ನ ನಂತರ ಕತ್ತಿ ತಾಗಿ ಪಾದ ಸೀಳಿದ್ದ ಮುದುಕಿಯೊಬ್ಬರು ಕೂತಿದ್ದರು. ಕಂಪೌಂಡರ್ ಗಾಯ ಕಟ್ಟಲು ಬಗ್ಗಿದ್ದೇ ತಡ, ಆಕೆ ಕಾಲನ್ನು ಹಿಂದಕ್ಕೆಳೆದುಕೊಂಡರು.

"ನೀವು ಬೇಡ ಅಣ್ಣ. ಡಾಕ್ಟ್ರೇ ಕಟ್ಲಿ."

ಕಂಪೌಂಡರ್ ಪಕ್ಕಕ್ಕೆ ಸರಿದು ನಿಂತರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.