ಬುರುಲ್ಚಾ ಎಜೆಯವರ ಮಣ್ಣಿನ ಗೋಡೆ

ಕಿರ್ಗಿಜ್ ನಾಡಿನ ಚಿತ್ರಕಲೆಯಲ್ಲಿ ಬೆಟ್ಟಕ್ಕೂ ಕುದುರೆಗೂ ಸಲ್ಲುತ್ತಿದ್ದ ಮರ್ಯಾದೆಯನ್ನು ಬಡವರ ಮನೆಗೂ ದೊರಕಿಸಿಕೊಟ್ಟವರು ಶ್ರೀಮತಿ ಬುರುಲ್ಚಾ ಅವರು. ನಾರಿನ್ ಪಟ್ಟಣದ ಕಲಾಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ಈ ವಸಂತದಲ್ಲಿ ನಿವೃತ್ತರಾದ ಅವರು ಶಿಷ್ಯರಾದ ನಮಗೆಲ್ಲ ಎಜೆ, ಅಂದರೆ ಅಕ್ಕ. ಅವರಿಗೆ ಅರ್ಪಿಸುವ ಈ ಅಭಿನಂದನ ಗ್ರಂಥದಲ್ಲಿ ಸಿಟ್ಟು ತೋರಬಾರದೆಂದು ಸಂಪಾದಕರು ಎಚ್ಚರಿಸಿದ್ದಾರೆ. ಆ ಮಾತನ್ನು ನಾನು ಪಾಲಿಸಲಾರೆ.

ಸೇವೆಗೆ ಸೇರಿದ ಎರಡನೆಯ ವರ್ಷ ಎಜೆ ತಮ್ಮ ತವರಿನ ಮನೆಯನ್ನು ಚಿತ್ರಿಸಿದರು. ಬಣ್ಣಕ್ಕೆ ಜೇಡಿಮಣ್ಣು, ಹೆಚ್ಚಿದ ಹುಲ್ಲು ಕಲಸಿ, ಕುಂಚವನ್ನು ಬದಿಗಿಟ್ಟು, ತಾಯಿ ಪ್ರತಿ ವಸಂತದಲ್ಲೂ ಗೋಡೆ ಸಾರಿಸುತ್ತಿದ್ದಂತೆ ಅಂಗೈಯಿಂದಲೇ ಹಲಗೆಗೆ ಮೆತ್ತಿದರು. ಬಣ್ಣವಿಲ್ಲದೆ ಅಳುತ್ತಿದ್ದ ನನಗೆ, "ಅಂಗಳದಲ್ಲಿ ಮಣ್ಣಿಗೇನು ಬರವಾ?" ಎಂದು ಕೈಹಿಡಿದು ಆ ಕೆಲಸ ಕಲಿಸಿದವರೂ ಅವರೇ. ಆಮೇಲೆ ಬಂದ ನಿರ್ದೇಶಕರಿಗೆ ಅದು ಒರಟಾಗಿ ಕಂಡಿತು. ಹನ್ನೊಂದು ವರ್ಷ ಚಿತ್ರವನ್ನು ನೆಲಮಾಳಿಗೆಯ ಬಾಯ್ಲರ್ ಬೆಂಕಿಯ ಪಕ್ಕದಲ್ಲಿ ತಳ್ಳಿಟ್ಟಿದ್ದರು. ಮಣ್ಣು ಒಣಗಿ ಬಿರುಕುಬಿಟ್ಟಿತು.

ಬೀಳ್ಕೊಡುಗೆಗೆ ರಾಜಧಾನಿಯಿಂದ ಅತಿಥಿಗಳು ಬರುವರೆಂದಾಗ ಚಿತ್ರಕ್ಕೆ ಸಭಾಂಗಣದ ಯೋಗ ಬಂತು. ಗೋಡೆಯ ಬಿರುಕು ಮುಚ್ಚದ ಗೃಹಿಣಿಯನ್ನು ನಮ್ಮ ಹಳ್ಳಿಗಳಲ್ಲಿ ಊರೇ ಆಡಿಕೊಳ್ಳುತ್ತದೆ. ಕಸ ಗುಡಿಸುವ ಅನಾರ್ಕುಲ್ ಬಿರುಕು ಕಂಡವಳೇ ಮಣ್ಣು ಕಲಸಿ ಮೆತ್ತಿ, ಮೇಲೆ ಸುಣ್ಣವನ್ನೂ ಬಳಿದುಬಿಟ್ಟಳು.

ಬೀಳ್ಕೊಡುಗೆಯ ದಿನ ಅತಿಥಿಗಳೆದುರೇ ನಿರ್ದೇಶಕರು ಕೆಂಡವಾದರು. "ಇವಳನ್ನ ಇವತ್ತೇ ಕೆಲಸದಿಂದ ತೆಗೀತೀನಿ ಎಜೆ. ನಿಮ್ಮ ಕಲೆ ಹಾಳುಮಾಡಿದಾಳೆ."

"ನೆಂಟರು ಬರ್ತಾರಲ್ಲ ಅಂತ ಮೆತ್ತಿದೆ," ಎಂದಳು ಅನಾರ್ಕುಲ್. "ನಿಮ್ಮನ್ನ ಜನ ಆಡ್ಕೋಬಾರ್ದಲ್ಲ ಎಜೆ."

ಎಜೆ ಸುಣ್ಣದಡಿಯ ಹೊಸ ಮಣ್ಣಿನ ಮೇಲೆ ಅಂಗೈ ಆಡಿಸಿದರು. "ಹುಲ್ಲು ಸಣ್ಣಗೆ ಹೆಚ್ಚಿದೀಯ. ನಮ್ಮಮ್ಮನ ಹಾಗೆ."

ಬಳಿಕ ಗೌರವಕ್ಕೆಂದು ಹೊದಿಸಿದ್ದ ಚಪಾನ್ ನಿಲುವಂಗಿಯನ್ನು ಕಳಚಿ ನಿರ್ದೇಶಕರ ತೋಳಿಗೆ ಹಾಕಿದರು. "ಹನ್ನೊಂದು ವರ್ಷ ಬೆಂಕಿ ಪಕ್ಕ ಇಟ್ಟೋರು ನೀವು. ಹಾಳುಮಾಡಿದ್ದು ಇವಳಾ? ನೀವು ಕಸ ಅಂದ್ರಿ, ಇವಳು ಮನೆ ಅಂದ್ಕೊಂಡಳು. ಇವಳ ಕೆಲಸ ಹೋದ್ರೆ ಇದನ್ನ ನೀವೇ ಹೊದ್ಕೊಂಡು ಹೋಗಿ."

ಸಭೆಯೆಲ್ಲ ನೋಡುತ್ತಿತ್ತು. ನಿರ್ದೇಶಕರು, ಅನಾರ್ಕುಲ್ ಕೆಲಸದಲ್ಲಿ ಇರಲಿ ಎಂದರು. ಆಗಷ್ಟೇ ಎಜೆ ಚಪಾನ್ ತೊಟ್ಟರು.

ಇದೇ ಗ್ರಂಥದ ಮೊದಲ ಲೇಖನದಲ್ಲಿ ನಿರ್ದೇಶಕರು ಆ ಚಿತ್ರವನ್ನು ತಾವು ಜೋಪಾನವಾಗಿ ಬೆಚ್ಚಗಿಟ್ಟುದಾಗಿ ಬರೆದಿದ್ದಾರೆ. ಬೆಚ್ಚಗಿಟ್ಟದ್ದು ನಿಜ. ಇಂಥ ಸುಳ್ಳಿನ ಪಕ್ಕದಲ್ಲಿ ನನ್ನ ಲೇಖನ ಅಚ್ಚಾಗುವುದಕ್ಕೆ ನನಗೆ ನಾಚಿಕೆಯಿದೆ.

ಎಜೆ ನೂರ್ಕಾಲ ಬಾಳಲಿ. ಅವರ ಅಂಗೈಯಿಂದ ಇನ್ನಷ್ಟು ಮನೆಗಳು ಏಳಲಿ. ಅವನ್ನು ನೆಲಮಾಳಿಗೆಗೆ ಹೊತ್ತೊಯ್ಯಲು ಬಂದವರಿಗೆ ಅನಾರ್ಕುಲ್‌ಳ ಪೊರಕೆಯೇ ಉತ್ತರ ಹೇಳಲಿ.